ಬೆಲ್ಲದ ಜೊತೆ ಕೊಟ್ಟ ನೀರು

ಗುಡ್ನಾಪುರ
9-3-1958

ಚಿ. ಸೌ. ಪಾರ್ವತಿಗೆ ಗುಡ್ನಾಪುರದಿಂದ ಅಪ್ಪನ ಆಶೀರ್ವಾದ. ನಾನು ಕ್ಷೇಮ, ದನಗಳು ಕ್ಷೇಮ, ಕೆರೆ ಮಾತ್ರ ಅರ್ಧಕ್ಕೆ ಇಳಿದಿದೆ.

ನಿನ್ನ ಅತ್ತೆ ಹೇಳಿಕಳಿಸಿದ್ದು ಮುಟ್ಟಿತು. ಯುಗಾದಿ ಕಳೆದ ಮೇಲೆ ಒಂದು ಸೋಮವಾರ ಬನವಾಸಿಗೆ ದೇವರ ದರ್ಶನಕ್ಕೆ ಬರುತ್ತಾರಂತೆ. ಹಿಂದಿರುಗುವಾಗ ನಮ್ಮಲ್ಲಿಗೆ ಬಂದು ಬಿಸಿಲು ಇಳಿಯುವ ತನಕ ಕೂತು ಹೋಗುತ್ತಾರಂತೆ. “ಊಟದ ದಗದ ಹಚ್ಚಿಕೋಬ್ಯಾಡ್ರಿ ಅಂತ ಹೇಳ್ರಿ ಬೀಗರಿಗೆ. ಬ್ಯಾಸಗಿಗೆ ಏನರ ತಣ್ಣಂದು ಇದ್ರ ಸಾಕು” ಎಂದರಂತೆ. ನಾನು ಧಾರವಾಡದ ಕಾಲೇಜಿನಲ್ಲಿದ್ದಾಗ ಗ್ಯಾದರಿಂಗಿನ ಕಾರ್ಡಿನ ಕೆಳಗೆ ‘ಲೈಟ್ ರಿಫ್ರೆಶ್‌ಮೆಂಟ್ಸ್’ ಎಂದು ಅಚ್ಚು ಹಾಕಿಸುತ್ತಿದ್ದರು. ಒಂದು ಬಾಳೆಹಣ್ಣು, ಒಂದು ಲೋಟ ಶರಬತ್ತು. ಆ ಲೈಟ್ ಎಂಬುದು ಇಷ್ಟು ಭಾರ ಇರುತ್ತದೆ ಎಂದು ಯಾವ ಪ್ರೊಫೆಸರನೂ ಹೇಳಿರಲಿಲ್ಲ.

ಅವರು ಯಾಕೆ ಬರುತ್ತಾರೆ ಎಂದು ನಿನಗೂ ಗೊತ್ತು, ನನಗೂ ಗೊತ್ತು. ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕು ಎನ್ನುವುದು ಪದ್ಧತಿ. ಆದರೆ ಹೋದ ಬೇಸಿಗೆಯಲ್ಲಿ ವಾಂತಿಭೇದಿಯಿಂದ ನಿನ್ನ ಅವ್ವ ಹೋದದ್ದು ಇದೇ ಮನೆಯಲ್ಲಿ. ಅಂಥ ಮನೆಗೆ ಬಸುರಿ ಸೊಸೆಯನ್ನು ಹೇಗೆ ಕಳಿಸುವುದು ಎಂದು ಯಾರಾದರೂ ಯೋಚಿಸುತ್ತಾರೆ. ಅವರು ಬಂದು, ನೋಡಿ, ಹೂಂ ಎಂದರೆ ನೀನು ಬರುತ್ತೀ. ಇಲ್ಲವಾದರೆ ಇಲ್ಲ.

ಇನ್ನೊಂದು ಮಾತು ಬರೆಯಬಾರದು ಎಂದುಕೊಂಡಿದ್ದೆ. ಅವ್ವ ಹೋದ ಮೇಲೆ ನಮ್ಮ ಮನೆಯಲ್ಲಿ ಊರಿನವರು ಯಾರೂ ನೀರು ಕುಡಿದಿಲ್ಲ. ಸರಕಾರದವರು ಬಂದು ಬಾವಿಗೆ ಔಷಧ ಹಾಕಿ ಹೋದರು. ನೀರು ಸರಿ ಇದೆ ಎಂದೂ ಹೇಳಿದರು. ಪರಮೇಶ್ವರಪ್ಪ ದಿನಾ ಸಂಜೆ ಬಂದು ಕಟ್ಟೆಯ ಮೇಲೆ ಕೂರುತ್ತಾನೆ, ಹಳೇ ಗೆಳೆಯ, ಬಿಡುವುದಿಲ್ಲ. ಬೆಲ್ಲ ನೀರು ತಂದರೆ ಮಾತ್ರ “ಈಗ ಕುಡದ ಬಂದ್ನಿ ಮಾರಾಯಾ” ಎನ್ನುತ್ತಾನೆ. ವರ್ಷವಾಯಿತು, ದಿನಾ ಈಗ ಕುಡಿದೇ ಬರುತ್ತಾನೆ. ಬಂದವರಿಗೆ ಮೊದಲು ಬೆಲ್ಲ ನೀರು, ಆಮೇಲೆ ಮಾತು ಎಂದು ನಡೆದ ಮನೆ ಇದು. ನಿನ್ನ ಅತ್ತೆಯೂ “ಈಗಷ್ಟೇ ಆತ್ರಿ” ಎಂದುಬಿಟ್ಟರೆ ನಾನು ಏನು ಮಾಡಲಿ?

ಬೇಸಿಗೆಯಲ್ಲಿ ಬಂದವರಿಗೆ ಅವ್ವ ಏನೇನು ಮಾಡುತ್ತಿದ್ದಳು ಎಂದು ಬರೆ. ಅಳತೆ ಸಮೇತ ಬರೆ. ನಾನು ತಿಂದವನು, ಕೈಯಲ್ಲಿ ಹಿಡಿದು ಮಾಡಿದವನಲ್ಲ.

ನಿನ್ನ ಅಪ್ಪ,
ಮಡಿವಾಳಪ್ಪ


ಯಲ್ಲಾಪುರ
16-3-1958

ತೀರ್ಥರೂಪ ಅಪ್ಪನಿಗೆ ಪಾರ್ವತಿಯ ಶರಣು.

ಅವ್ವನ ಹತ್ತಿರ ಅಳತೆ ಎಲ್ಲಿತ್ತು ಅಪ್ಪಾ? “ಒಂದೀಟು” ಎನ್ನುತ್ತಿದ್ದಳು, ಅಷ್ಟೇ. ಆದರೂ ಕೇಳು.

ಕೋಸಂಬರಿ: ಹೆಸರುಬೇಳೆ ಎರಡು ಹಿಡಿ, ಬೆಳಿಗ್ಗೆ ನೆನೆಹಾಕು. ಬಂದವರು ಕೈಕಾಲು ತೊಳೆಯುವಾಗ ಬಸಿದು, ಎಳೇ ಸವತೆಕಾಯಿ ಕೊಚ್ಚಿ ಹಾಕಿ, ಕಾಯಿತುರಿ, ಲಿಂಬೆ, ಕೊತ್ತಂಬರಿ. ಉಪ್ಪು ಕೊನೆಗೆ; ಮೊದಲೇ ಹಾಕಿದರೆ ನೀರು ಬಿಡುತ್ತದೆ. ಪಾನಕ: ಬೆಲ್ಲ, ಲಿಂಬೆ, ಏಲಕ್ಕಿ, ಒಣಶುಂಠಿ. ಮಜ್ಜಿಗೆ: ನೀರು ಧಾರಾಳ, ಕರಿಬೇವು ಕಿವುಚಿ ಹಾಕು. ಅವಲಕ್ಕಿ ತೋಯಿಸಿ ಮೊಸರು ಕಲೆಸಿ ಒಗ್ಗರಣೆ ಕೊಡು. ಬಾಳೆಹಣ್ಣಿನ ಸೀಕರಣೆ ನಿನಗೇ ಬರುತ್ತದೆ, ಚಿಕ್ಕವಳಿದ್ದಾಗ ನನಗೆ ಮಾಡಿಕೊಟ್ಟಿದ್ದೀ. ಇಲ್ಲಿ ಪಕ್ಕದ ಹೆಗಡೆಯವರ ಮನೆಯಲ್ಲಿ ಅಪ್ಪೆಹುಳಿ ಎಂದು ಮಾಡುತ್ತಾರೆ. ಮಾವಿನಕಾಯಿ ಬೇಯಿಸಿ ಹಿಂಡಿ, ನೀರು ಬೆರೆಸಿ, ಇಂಗು ಮೆಣಸಿನ ಒಗ್ಗರಣೆ. ಲೋಟದಲ್ಲಿ ಹಾಕಿಕೊಂಡು ಕುಡಿಯುವುದು. ಅತ್ತೆಗೆ ಪ್ರಾಣ.

ಒಲೆಯ ಮುಂದೆ ಕೂರುವ ಕೆಲಸ ಯಾವುದರಲ್ಲೂ ಹೆಚ್ಚಿಲ್ಲ. ಅದಕ್ಕೇ ಬೇಸಿಗೆಗೆ ಇವು.

ಅತ್ತೆ ಮೊನ್ನೆ ಕೇಳಿದರು: “ನಿಮ್ಮಪ್ಪನ ಮನ್ಯಾಗ ನಡುಕೋಣೆಗೆ ಬೆಳಕು ಬರತೈತೇನ? ಕಿಟಕಿ ಯಾವ ಕಡೆ?” ಮೂಡಲಿಗೆ ಎಂದೆ. ಒಲೆಗೆ ಕಟ್ಟಿಗೆ ಇಟ್ಟು ಬಂದು, ಇನ್ನೊಮ್ಮೆ ಕೇಳಿದರು. ಈ ಮನೆಯಲ್ಲಿ ಹಿತ್ತಿಲ ಕಡೆಯ ಕೋಣೆಗೆ ಬೀಗ ಇದೆ. ನಾನು ಬಂದಾಗಿನಿಂದ ತೆಗೆದಿಲ್ಲ. ಏನೆಂದು ಕೇಳಿದರೆ ಇವರು “ಹಳೇ ಸಾಮಾನು” ಎನ್ನುತ್ತಾರೆ. ಅತ್ತೆ ಅದರ ಮುಂದೆ ಹಾದುಹೋಗುವಾಗ ಸೆರಗು ಎಳೆದುಕೊಳ್ಳುತ್ತಾರೆ.

ಮಗು ಚೆನ್ನಾಗಿ ಒದೆಯುತ್ತದೆ. ಬೇಸಿಗೆಯ ಸಿಟ್ಟು ಇರಬೇಕು.

ನಿನ್ನ ಮಗಳು,
ಪಾರ್ವತಿ


ಗುಡ್ನಾಪುರ
23-3-1958

ಚಿ. ಸೌ. ಪಾರ್ವತಿಗೆ ಆಶೀರ್ವಾದ.

ಯುಗಾದಿ ಆಯಿತು. ಬೇವು ತಿಂದೆ, ಬೆಲ್ಲ ಮರೆತೆ.

ನಿನ್ನ ಪತ್ರವನ್ನು ಎರಡು ಸಲ ಓದಿದೆ. ನೀನು ಬರೆದ ಒಂದೊಂದರಲ್ಲೂ ಹಸೀ ನೀರು ಇದೆಯಲ್ಲ! ಬೇಳೆ ನೆನೆಯುವುದು ಹಸೀ ನೀರಿನಲ್ಲಿ. ಪಾನಕ ಎಂದರೆ ಅದೇ. ಮಜ್ಜಿಗೆಗೆ ಧಾರಾಳ ಸುರಿ ಎನ್ನುತ್ತೀ. ಮಾವಿನಕಾಯಿ ಬೇಯಿಸಿದ ಮೇಲಾದರೂ ಬಿಟ್ಟೀಯೇ ಎಂದರೆ ಅದಕ್ಕೂ ಬೆರೆಸು ಎನ್ನುತ್ತೀ. ಒಲೆಯ ಮುಂದೆ ಕೂರುವ ಕೆಲಸವಿಲ್ಲ ಎಂದು ನೀನು ಸಂತೋಷದಿಂದ ಬರೆದಿದ್ದೀ. ನನಗೆ ಬೇಕಾದ್ದೇ ಒಲೆ, ಮಗಳೇ. ಕುದಿಯುವುದನ್ನು ಕಣ್ಣಿನಿಂದ ನೋಡಿದರೆ ಮಾತ್ರ ಧೈರ್ಯ. ನಾನು ಒಬ್ಬನೇ ಕುಡಿಯುವ ನೀರನ್ನೂ ವರ್ಷದಿಂದ ಕಾಸಿಯೇ ಕುಡಿಯುತ್ತಿದ್ದೇನೆ. ಇದು ಯಾರಿಗೂ ಗೊತ್ತಿಲ್ಲ. ‘ಪ್ರಿವೆನ್ಷನ್ ಈಸ್ ಬೆಟರ್ ದ್ಯಾನ್’ ಎಂದು ಕಲಿತಿದ್ದೆ. ಯಾವುದಕ್ಕಿಂತ ಬೆಟರ್ ಎಂಬ ಬಾಲ ಉದುರಿಹೋಗಿದೆ.

ಅದಕ್ಕೆ ನಿನ್ನೆ ಒಂದು ಪ್ರಯೋಗ ಮಾಡಿದೆ. ಕೋಸಂಬರಿಯ ಬೇಳೆಯನ್ನು ಒಂದು ಕುದಿ ಬರಿಸಿದೆ. ಸವತೆಕಾಯಿಯನ್ನೂ ಬಿಸಿನೀರಿನಲ್ಲಿ ಅದ್ದಿದೆ. ಹಿತ್ತಿಲಲ್ಲಿ ಸಗಣಿ ಬಾಚುತ್ತಿದ್ದ ತಿಮ್ಮಿಯನ್ನು ಕರೆದು ಎಲೆಯಲ್ಲಿ ಹಾಕಿಕೊಟ್ಟೆ.

“ಏನ್ರಿ ಗೌಡ್ರ ಇದು?”

“ಕೋಸಂಬರಿ.”

ಅವಳು ಎಲೆಯನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿದಳು. “ಸವತಿಕಾಯಿಗೆ ಜ್ವರ ಬಂದಂಗ ಆಗೇತ್ರಿ,” ಎಂದಳು. “ಬೀಗಿತ್ಯಾರಿಗೆ ಇದನ್ನ ಇಟ್ಟೀರಿ ಅಂದ್ರ, ಬಂದ ಬಸ್ಸಿಗೇ ತಿರುಗಿ ಹೊಕ್ಕಾರ.”

ತಿನ್ನಲಿಲ್ಲ. ಕರುವಿನ ಮುಂದೆ ಇಟ್ಟಳು. ಬೆಂದ ಬೇಳೆ ಎಂದು ತಿನ್ನಲಿಲ್ಲವೋ, ನನ್ನ ಮನೆಯದು ಎಂದು ತಿನ್ನಲಿಲ್ಲವೋ ಗೊತ್ತಾಗಲಿಲ್ಲ.

ನಿನ್ನ ಅಪ್ಪ,
ಮಡಿವಾಳಪ್ಪ


ಯಲ್ಲಾಪುರ
29-3-1958

ತೀರ್ಥರೂಪ ಅಪ್ಪನಿಗೆ ಶರಣು.

ಸವತೆಕಾಯಿ ಬೇಯಿಸಬೇಡ. ನಿನ್ನ ಕಾಲು ಹಿಡಿಯುತ್ತೇನೆ. ನಿನ್ನ ಪತ್ರ ಇವರಿಗೆ ಓದಿ ಹೇಳಿ ಇಬ್ಬರೂ ನಕ್ಕೆವು. ಆಮೇಲೆ ನನಗೆ ನಗು ಬರಲಿಲ್ಲ.

ಏಪ್ರಿಲ್ ಏಳು, ಸೋಮವಾರ. ಅತ್ತೆಯ ಜೊತೆ ಇವರೂ ಬರುತ್ತಾರೆ.

ಅಪ್ಪಾ, ಒಂದು ಕೇಳಲೇ? ಆ ದಿನ ಅವ್ವ ಏನು ಕುಡಿದಿದ್ದಳು? ನೀನು ಎಂದೂ ಹೇಳಲಿಲ್ಲ. ನಾನು ಬಂದಾಗ ಎಲ್ಲಾ ಮುಗಿದಿತ್ತು. ಈಗೀಗ ನೀರಿನ ತಂಬಿಗೆ ಎತ್ತಿದಾಗಲೆಲ್ಲ ಅದೇ ನೆನಪಾಗಿ ಬಾಯಿಯ ಹತ್ತಿರ ನಿಲ್ಲುತ್ತದೆ. ನನಗೆ ಅಲ್ಲಿಗೆ ಬರಬೇಕು. ಬರಲು ಹೆದರಿಕೆಯೂ ಆಗುತ್ತದೆ. ಎರಡನ್ನೂ ಇಲ್ಲಿ ಯಾರಿಗೂ ಹೇಳಿಲ್ಲ.

ಪಾರ್ವತಿ


ಗುಡ್ನಾಪುರ
8-4-1958

ಚಿ. ಸೌ. ಪಾರ್ವತಿಗೆ ಆಶೀರ್ವಾದ.

ನಿನ್ನ ಅತ್ತೆ ಮತ್ತು ಅಳಿಯಂದಿರು ನಿನ್ನೆ ಬಂದು ಹೋದರು. ಅವರು ಹೇಳುವ ಮೊದಲು ನಾನೇ ಎಲ್ಲ ಬರೆದುಬಿಡುತ್ತೇನೆ.

ಬೆಳಿಗ್ಗೆ ಎದ್ದು ದೊಡ್ಡ ತಾಮ್ರದ ಹಂಡೆಯ ತುಂಬ ನೀರು ಕಾಸಿದೆ. ಮಧ್ಯಾಹ್ನದ ಹೊತ್ತಿಗೆ ಆರುತ್ತದೆ ಎಂದುಕೊಂಡೆ. ಬೇಸಿಗೆಯಲ್ಲಿ ತಾಮ್ರ ಆರುವುದೇ? ಅದೇ ನೀರಿನಲ್ಲಿ ಬೇಳೆ ನೆನೆಹಾಕಿದೆ, ಅದರಿಂದಲೇ ಪಾನಕ, ಅದರಿಂದಲೇ ಅಪ್ಪೆಹುಳಿ. ಪಡಸಾಲೆಯಲ್ಲಿ ಜಮಖಾನೆ ಹಾಸಿ, ಬೀಸಣಿಗೆ ಇಟ್ಟು, ದಾರಿ ನೋಡುತ್ತ ನಿಂತೆ.

ಬನವಾಸಿಯಿಂದ ಚಕ್ಕಡಿ ಬಂತು. ನಿನ್ನ ಅತ್ತೆಯ ಮುಖ ಬಿಸಿಲಿಗೆ ಕೆಂಪಾಗಿತ್ತು. “ಬರ್ರಿ, ಬರ್ರಿ” ಎಂದೆ. ಕೈಕಾಲು ತೊಳೆದು ಕೂತರು. ತಟ್ಟೆಯಲ್ಲಿ ಬೆಲ್ಲ, ತಂಬಿಗೆಯಲ್ಲಿ ನೀರು ತಂದು ಮುಂದಿಟ್ಟೆ. ಈಗಷ್ಟೇ ಆಯಿತು ಎನ್ನಲಿಲ್ಲ, ಪಾರ್ವತಿ! ಬೆಲ್ಲ ಮುರಿದು ಬಾಯಿಗೆ ಹಾಕಿಕೊಂಡು ತಂಬಿಗೆ ಎತ್ತಿದರು. ನನಗೆ ಕಣ್ಣು ಮಂಜಾಯಿತು.

ಒಂದು ಗುಟುಕು. ಅಲ್ಲಿಗೆ ನಿಂತಿತು.

“ಬೀಗರ, ನೀರು ಕಾಸೀರೇನ್ರಿ?”

ನಾನು ತೊದಲಿದೆ. “ಹೂಂನ್ರಿ. ಸುಮ್ಮ, ಪ್ರಿಕಾಷನ್ ಅಂತ.”

“ಮನ್ಯಾಗ ಯಾರಿಗರ ಜಡ್ಡೈತೇನು?”

“ಇಲ್ರಿ, ಯಾರೂ ಇಲ್ಲ. ನಾ ಒಬ್ಬಾಂವ.”

ಅವರು ತಂಬಿಗೆಯನ್ನು ಮೆಲ್ಲಗೆ ಕೆಳಗಿಟ್ಟರು. “ಹಂಗಾರ ನಿಮ್ಮ ಬಾವಿ ಮ್ಯಾಲೆ ನಿಮಗ ಭರೋಸಾ ಇಲ್ಲ,” ಎಂದರು.

ಬಿಸಿಲಲ್ಲಿ ಬಂದವರಿಗೆ ಬಿಸಿನೀರು ಕೊಡುವುದು ರೋಗಿಯ ಮನೆಯಲ್ಲಿ ಮಾತ್ರ. ಚಿಕ್ಕ ಮಕ್ಕಳಿಗೂ ಗೊತ್ತಿರುವ ಮಾತು. ಯಾವುದನ್ನು ಮುಚ್ಚಬೇಕೆಂದು ಬೆಳಗಿನಿಂದ ಬೆವರು ಸುರಿಸಿದ್ದೆನೋ ಅದನ್ನೇ ತಟ್ಟೆಯಲ್ಲಿಟ್ಟು ಕೈಗೆ ಕೊಟ್ಟಿದ್ದೆ.

ಅವರು ಎದ್ದು ಹಿತ್ತಿಲಿಗೆ ನಡೆದರು. ಅಳಿಯಂದಿರು “ಅವ್ವಾ, ಬಿಸಲಾಗ ಎಲ್ಲಿ ಹೊಂಟಿ?” ಎಂದರೂ ಕೇಳಲಿಲ್ಲ. ನಾನು ಹಿಂದೆ ಓಡಿದೆ. ಬಾವಿಯ ಕಟ್ಟೆಗೆ ಕೈ ಊರಿ ಒಳಗೆ ಬಗ್ಗಿ ನೋಡಿದರು. ಆಮೇಲೆ ಅಲ್ಲೇ ಕಟ್ಟೆಯ ಮೇಲೆ ಕೂತು ಸೆರಗು ಬಾಯಿಗೆ ಒತ್ತಿಕೊಂಡರು. ಅಳುತ್ತಿದ್ದಾರೆ ಎಂದು ನನಗೆ ತಿಳಿಯುವುದಕ್ಕೆ ಸ್ವಲ್ಪ ಹೊತ್ತು ಬೇಕಾಯಿತು.

“ನಾ ಒಲ್ಲೆ ಅನ್ನಾಕ ಬಂದಿಲ್ರಿ ಬೀಗರ,” ಎಂದರು. “ಹೂಂ ಅನ್ನಾಕ ಬಂದಿದ್ನಿ. ಹೆಂಗರ ಮಾಡಿ ಹೂಂ ಅನ್ನಬೇಕಂತ ಆ ದೇವರ ಮುಂದ ಕೈ ಮುಗದ ಬಂದ್ನಿ.”

ನಾನೂ ಕಟ್ಟೆಯ ಇನ್ನೊಂದು ತುದಿಯಲ್ಲಿ ಕೂತೆ.

“ನನ್ನ ಮಗಳು ಸಾವಿತ್ರವ್ವ ಚೊಚ್ಚಲಕ್ಕ ನನ್ನ ಕಡೆ ಬಂದಿದ್ಲು. ಹಿತ್ತಲ ಖೋಲ್ಯಾಗ ಮೂರು ದಿನ ತ್ರಾಸ ತಿಂದು ಹ್ವಾದ್ಲು. ಕೂಸೂ ಉಳೀಲಿಲ್ಲ. ಆ ಬಾಗ್ಲಾ ಮತ್ತ ತಗದಿಲ್ರಿ ನಾನು. ಪಾರವ್ವಗ ಇದನ್ನ ಹೇಳಿಲ್ಲ, ಬಸುರಿ ಹೆಂಗಸು. ನಮ್ಮ ಮನ್ಯಾಗ ಆಕಿ ಹಡಿಯೂದು ಬ್ಯಾಡ. ತವರಿನ ಪದ್ಧತಿ ಅಂತ ಒಂದು ನೆವ ಐತಲ್ಲ, ಅದನ್ನ ಹಿಡಕೊಂಡು ಬಂದ್ನಿ. ಇಲ್ಲಿ ನೋಡಿದ್ರ ನೀವು ನನಗಿಂತ ಹೆಚ್ಚು ಅಂಜೀರಿ.”

ಅವರು ಹೇಳಬಾರದೆಂದು ಇಟ್ಟುಕೊಂಡದ್ದನ್ನು ನಾನು ನಿನಗೆ ಬರೆಯುತ್ತಿದ್ದೇನೆ. ಬರೆಯಬಹುದೇ ಎಂದು ಬಹಳ ಯೋಚಿಸಿದೆ. ಬೀಗ ಹಾಕಿದ ಕೋಣೆಯ ಮುಂದೆ ದಿನಾ ಓಡಾಡುತ್ತ ಒಳಗೆ ಏನಿದೆಯೋ ಎಂದು ನೀನು ಹೆದರುವುದಕ್ಕಿಂತ ಇದು ಮೇಲು ಎನ್ನಿಸಿತು.

ಆಗ ನಾನೂ ಹೇಳಿದೆ. ನೀನು ಕೇಳಿದ್ದೀಯಲ್ಲ, ಅದಕ್ಕೂ ಇದೇ ಉತ್ತರ. ಆ ದಿನ ಮನೆ ತುಂಬ ಜನ. ಎಲ್ಲರಿಗೂ ಪಾನಕ ಮಾಡಿಕೊಟ್ಟಳು ನಿನ್ನ ಅವ್ವ. ನಗುತ್ತ ಓಡಾಡಿದಳು. ಕೊನೆಗೆ ಪಾತ್ರೆಯ ತಳದಲ್ಲಿ ಉಳಿದದ್ದನ್ನು ತಾನು ಕುಡಿದಳು. ಕುಡಿದವರಲ್ಲಿ ಬೇರೆ ಯಾರಿಗೂ ಏನೂ ಆಗಲಿಲ್ಲ. ಅದು ಪಾನಕವೋ, ಬಾವಿಯೋ, ಹಿಂದಿನ ದಿನ ಮದುವೆ ಮನೆಯಲ್ಲಿ ಉಂಡದ್ದೋ ಯಾರಿಗೂ ತಿಳಿಯಲಿಲ್ಲ. ಇದರಿಂದಲೇ ಎಂದು ಗೊತ್ತಾಗಿದ್ದರೆ ಅದೊಂದನ್ನು ಬಿಡಬಹುದಿತ್ತು. ಗೊತ್ತಾಗದೆ ಎಲ್ಲಕ್ಕೂ ಹೆದರುವಂತಾಯಿತು.

ನಿನ್ನ ಅತ್ತೆ ಮೂಗು ಒರೆಸಿಕೊಂಡರು. “ಕಾಸಿದ್ದು ತಪ್ಪಲ್ರಿ,” ಎಂದರು. “ಬಿಸಿ ಇದ್ದಾಗ ಕೊಟ್ಟಿದ್ದು ತಪ್ಪು. ಅಂಜಿಕಿ ಅಡಗಿಮನ್ಯಾಗ ಇದ್ರ ಇರಲಿ. ಬಂದವರ ನಾಲಗಿ ಮ್ಯಾಲೆ ಬರಬಾರ್ದು.” ಸಂಜೆ ಕಾಸಿ, ಆರಿಸಿ, ಬಟ್ಟೆಯಲ್ಲಿ ಸೋಸಿ, ಮಣ್ಣಿನ ಹರವಿಗೆ ತುಂಬಬೇಕಂತೆ. ಹರವಿಯನ್ನು ಒದ್ದೆ ಮರಳಿನ ಮೇಲೆ ಕೂರಿಸಿ, ಸುತ್ತ ಒದ್ದೆ ಬಟ್ಟೆ ಕಟ್ಟಿ, ಒಳಗೆ ತೊಳೆದು ಕುದಿಸಿದ ಲಾವಂಚದ ಬೇರು ಇಳಿಬಿಟ್ಟರೆ ಬೆಳಗಿನ ಹೊತ್ತಿಗೆ ಹೊಗೆಯ ವಾಸನೆಯೂ ಇಲ್ಲ, ಬಿಸಿಯೂ ಇಲ್ಲವಂತೆ.

ಆಮೇಲೆ ಅಡಿಗೆಮನೆಗೆ ಬಂದು ನನ್ನ ಕೋಸಂಬರಿ ನೋಡಿದರು. ಸವತೆಕಾಯಿ ಬೇಯಿಸಿರಲಿಲ್ಲ, ನಿನ್ನ ಮಾತು ಕೇಳಿದ್ದೆ. ಆದರೆ ಉಪ್ಪು ಮೊದಲೇ ಹಾಕಿ ಕೆರೆ ಮಾಡಿದ್ದೆ. “ಎಮ್ಮಿ ಈಸಬಹುದ್ರಿ ಇದರಾಗ,” ಎಂದು ಬಸಿದರು, ಮತ್ತೆ ಲಿಂಬೆ ಹಿಂಡಿದರು. ಎಲೆಯ ಮೇಲೆ ಬಡಿಸಿದೆ. ಮೊದಲ ತುತ್ತು ಎತ್ತುವ ಮೊದಲು ಅವರು ಹಿತ್ತಿಲ ಬಾವಿಯ ಕಡೆ ತಿರುಗಿದ್ದನ್ನು ನಾನು ನೋಡಿದೆ. ನಾನು ನೋಡಿದ್ದನ್ನು ಅವರೂ ನೋಡಿದರು. ತಿಂದರು. ಬೆಚ್ಚಗಿನ ಅಪ್ಪೆಹುಳಿಯನ್ನೂ ಕುಡಿದು “ಇಂಗು ಸಾಲದು” ಎಂದರು.

ಹೊರಡುವಾಗ ಹೂಂ ಎನ್ನಲಿಲ್ಲ, ಒಲ್ಲೆ ಎನ್ನಲಿಲ್ಲ. “ನೋಡೂಣ” ಎಂದರು.

ಈಗ ನನ್ನ ಚಿಂತೆ ಬೇರೆ. ಅವರು ಇಲ್ಲಿ ಉಂಡು ಹೋಗಿದ್ದಾರೆ. ಹೇಗಿದ್ದಾರೆ? ಅಳಿಯಂದಿರು ಹೇಗಿದ್ದಾರೆ? ಪತ್ರ ಕಂಡ ಕೂಡಲೇ ಒಂದು ಕಾರ್ಡು ಹಾಕು. ಬರೀ ‘ಕ್ಷೇಮ’ ಎಂದು ಬರೆದರೂ ಸಾಕು.

ನಿನ್ನ ಅಪ್ಪ,
ಮಡಿವಾಳಪ್ಪ


ಗುಡ್ನಾಪುರ
14-4-1958

ಪಾರ್ವತಿ,

ಕಾರ್ಡು ಬಂದಿಲ್ಲ. ಟಪಾಲಿನವನು ಇವತ್ತೂ ನಮ್ಮ ಮನೆ ದಾಟಿ ಹೋದ. ನಾನು ಕರೆದರೆ ದೂರದಿಂದಲೇ ಕೈ ಅಲ್ಲಾಡಿಸಿದ. ಊಟ ಸೇರುತ್ತಿಲ್ಲ. ಅವರು ಕುಡಿದ ಲೋಟವನ್ನು ತೊಳೆದು ಬಿಸಿಲಿಗೆ ಇಟ್ಟಿದ್ದೇನೆ; ಒಳಗೆ ತರಲು ಮನಸ್ಸಿಲ್ಲ. ಏನಾದರೂ ಆಗಿದ್ದರೆ ಮುಚ್ಚಿಡಬೇಡ. ಪರಮೇಶ್ವರಪ್ಪ “ಸುದ್ದಿ ಇಲ್ಲ ಅಂದ್ರ ಚಲೋ ಸುದ್ದಿ” ಎನ್ನುತ್ತಾನೆ. ಹೋದ ವರ್ಷವೂ ಹೀಗೇ ಅಂದಿದ್ದ.

ನಾಳೆಯೂ ಬಾರದಿದ್ದರೆ ನಾನೇ ಬಸ್ಸು ಹತ್ತುತ್ತೇನೆ.

ಅಪ್ಪ


ಯಲ್ಲಾಪುರ
13-4-1958 (ಮುಟ್ಟಿದ್ದು 15-4ಕ್ಕೆ)

ತೀರ್ಥರೂಪ ಅಪ್ಪನಿಗೆ ಶರಣು.

ನಿನ್ನ ಪತ್ರ ನನಗೆ ಮುಟ್ಟಿದ್ದೇ ನಿನ್ನೆ ಸಂಜೆ. ಎಲ್ಲಿ ಸುತ್ತಿ ಬಂತೋ. ನೀನು ಇಷ್ಟರಲ್ಲಿ ಅರ್ಧ ಸತ್ತಿರುತ್ತೀ ಎಂದು ಬೆಳಿಗ್ಗೆ ಎದ್ದವಳೇ ಬರೆಯುತ್ತಿದ್ದೇನೆ.

ಅತ್ತೆ ಕ್ಷೇಮ. ಇವರೂ ಕ್ಷೇಮ. ಬಂದ ಮರುದಿನ ಅತ್ತೆ ಎರಡು ಹೊತ್ತು ಜೋಳದ ರೊಟ್ಟಿ ಉಂಡು, ಇಂಗು ಹೆಚ್ಚು ಹಾಕಿ ಅಪ್ಪೆಹುಳಿ ಮಾಡಿಸಿ ಕುಡಿದರು.

ಸಾವಿತ್ರವ್ವನ ವಿಷಯ ನೀನು ಬರೆದೆ ಎಂದು ನಾನು ಅವರಿಗೆ ಹೇಳಿಲ್ಲ. ಆದರೆ ನಿನ್ನೆ ನಾನು ಪತ್ರ ಓದಿ ಆ ಬಾಗಿಲ ಮುಂದೆ ಸ್ವಲ್ಪ ಹೊತ್ತು ನಿಂತಿದ್ದೆ. ಅತ್ತೆ ನೋಡಿದರು. ರಾತ್ರಿ ಊಟಕ್ಕೆ ಬಡಿಸುವಾಗ “ಏಪ್ರಿಲ್ ಮುಗಿಯೂದ್ರಾಗ ಕುಬಸ ಮಾಡಿ, ಉಡಿ ತುಂಬಿ ತವರಿಗೆ ಕಳಸ್ತೀನಿ. ನಿಮ್ಮಪ್ಪಗ ಬರಿ, ಮೂರು ಹರವಿ ತರಸಾಕ” ಎಂದರು.

ಅಪ್ಪಾ, ನನಗಿನ್ನೂ ಹೆದರಿಕೆ ಹೋಗಿಲ್ಲ. ಬರುತ್ತೇನೆ.

ಪಾರ್ವತಿ


ಗುಡ್ನಾಪುರ
3-6-1958

ಗುರುಶಾಂತವ್ವ ಬೀಗಿತಿಯವರಿಗೆ ಮಡಿವಾಳಪ್ಪ ಮಾಡುವ ಶರಣಾರ್ಥಿ. ಅಳಿಯಂದಿರು ಓದಿ ಹೇಳಲಿ.

ಬೆಳಿಗ್ಗೆಯಿಂದ ಪಾರ್ವತಿಗೆ ನೋವು ಬಂದಿದೆ. ಸೂಲಗಿತ್ತಿ ದುರ್ಗಮ್ಮ ಒಳಗಿದ್ದಾಳೆ. ನೀವು ಕೇಳಿದ್ದ ನಡುಕೋಣೆಯೇ, ಮೂಡಲ ಕಿಟಕಿ ತೆಗೆದಿದೆ. ನನಗೆ ಒಳಗೆ ಹೋಗುವ ಹಾಗಿಲ್ಲ, ಹೊರಗೆ ಕೂರಲಾಗುವುದಿಲ್ಲ. ಅದಕ್ಕೆ ಬರೆಯುತ್ತಿದ್ದೇನೆ. ಮಧ್ಯಾಹ್ನವಾಯಿತು. ಬಾಗಿಲ ಹಿಂದಿನಿಂದ ಕೂಗು ಕೇಳಿದಾಗಲೆಲ್ಲ ನಿಮ್ಮ ಸಾವಿತ್ರವ್ವ ನೆನಪಾಗುತ್ತಾಳೆ. ಕೂಗು ನಿಂತಾಗ ಇನ್ನೂ ಹೆಚ್ಚು ನೆನಪಾಗುತ್ತಾಳೆ. ನಿಮಗೆ ಇದನ್ನು ಬರೆಯಬಾರದು. ಆದರೆ ಇನ್ನು ಯಾರಿಗೆ ಬರೆಯಲಿ?

ದುರ್ಗಮ್ಮ ಬರುವಾಗ ತನ್ನ ಮನೆಯಿಂದ ತಂಬಿಗೆಯಲ್ಲಿ ನೀರು ತಂದುಕೊಂಡಿದ್ದಾಳೆ. ಸೆರಗಿನಲ್ಲಿ ಮರೆಮಾಡಿ ತಂದಳು. ನಾನು ನೋಡದವನ ಹಾಗೆ ಇದ್ದೆ.

ಈಗ ಸದ್ದಿಲ್ಲ. ಬಹಳ ಹೊತ್ತಿನಿಂದ ಸದ್ದಿಲ್ಲ. ತಿಮ್ಮಿ ಹಿತ್ತಿಲ ಬಾಗಿಲಲ್ಲಿ ನಿಂತು ಕೈ ಮುಗಿದುಕೊಂಡಿದ್ದಾಳೆ. ಯಾಕೆ ಮುಗಿದಿದ್ದಾಳೆ ಎಂದು ಕೇಳುವ ಧೈರ್ಯ

(ಮತ್ತೆ ಬರೆಯುತ್ತಿದ್ದೇನೆ. ಹೊತ್ತು ಇಳಿದಿದೆ.)

ಹೆಣ್ಣು ಕೂಸು. ತಾಯಿ ಕ್ಷೇಮ, ಕೂಸು ಕ್ಷೇಮ. ಹುಟ್ಟಿದ ಕೂಡಲೇ ಅಳಲಿಲ್ಲವಂತೆ, ದುರ್ಗಮ್ಮ ಬೆನ್ನು ತಟ್ಟಿದ ಮೇಲೆ ಅತ್ತಿತು. ಅಷ್ಟರಲ್ಲಿ ನನ್ನ ಆಯುಷ್ಯದಲ್ಲಿ ಎಷ್ಟು ಕಳೆಯಿತೋ ಶಿವನೇ ಬಲ್ಲ. ಪಾರ್ವತಿ ಕಣ್ಣು ತೆರೆದು ನೀರು ಕೇಳಿದಳು. ಹರವಿಯದು ಕೊಟ್ಟು ಕಳಿಸಿದೆ. ಕುಡಿದಳು ಎಂದು ಒಳಗಿನಿಂದ ಹೇಳಿದರು.

ಆಮೇಲೆ ದುರ್ಗಮ್ಮ ಹೊರಗೆ ಬಂದು ಕಂಬಕ್ಕೆ ಒರಗಿ ಕೂತಳು. ಸೀರೆ ಬೆವರಿಗೆ ಅಂಟಿಕೊಂಡಿತ್ತು. ತನ್ನ ತಂಬಿಗೆ ಎತ್ತಿ ನೋಡಿದಳು, ಖಾಲಿ. ನಾನು ಹರವಿಯಿಂದ ಒಂದು ತಂಬಿಗೆ ತುಂಬಿ ತಂದು ಅವಳ ಮುಂದಿಟ್ಟೆ. ಅವಳು ನೀರನ್ನು ನೋಡಿದಳು. ಬಾಗಿಲ ಕಡೆ ತಿರುಗಿ ನೋಡಿದಳು. ಒಳಗೆ ಕೂಸು ಅಳುತ್ತಿತ್ತು. ಎತ್ತಿ ಗಟಗಟ ಕುಡಿದಳು.

“ಇನ್ನೊಂದು ತಂಬಗಿ ಕೊಡ್ರಿ ಗೌಡ್ರ,” ಎಂದಳು. “ಬೆಲ್ಲಾ ಎಲ್ಲೈತಿ? ಬರೇ ನೀರು ಕೊಡ್ತಾರೇನ್ರಿ?”

ಬೆಲ್ಲ ಮರೆತಿದ್ದೆ. ಓಡಿಹೋಗಿ ಡಬ್ಬಿಯನ್ನೇ ತಂದು ಮುಂದಿಟ್ಟೆ.

ನೀವು ಬೇಗ ಬರ್ರಿ. ಕೋಸಂಬರಿಗೆ ಉಪ್ಪು ಕೊನೆಗೇ ಹಾಕುತ್ತೇನೆ. ಒಲೆಯ ಮೇಲೆ ನಾಳೆಯ ನೀರು ಇಟ್ಟಿದ್ದೇನೆ. ಕುದಿ ಬಂದ ಸದ್ದು ಕೇಳುತ್ತಿದೆ, ಏಳಬೇಕು.

ನಿಮ್ಮ ಬೀಗ,
ಮಡಿವಾಳಪ್ಪ